ಗೆಲಾಕ್ಸಿಗಳ ಗಣತಿ

ಶ್ರೋತೃಗಳು ಒಂದು ಹಿಡಿ ರಾಗಿಯನ್ನು ನೆಲದ ಮೇಲೆ ಚೆಲ್ಲಿ ನೋಡಬಹುದು. ಯಾರೂ ಜೋಡಿಸದಿದ್ದರೂ ಕಾಳುಗಳು ಅಲ್ಲಲ್ಲಿ ಗುಂಪುಗೂಡಿದಂತೆ ತೋರುವುವು. ಕಣ್ಣಿಗೆ ಕಂಡ ಗುಂಪೆಲ್ಲವೂ ನಿಜವಾದ ಗುಂಪಲ್ಲ. ಖಗೋಲಜ್ಞರಿಗೆ ಆಕಾಶದಲ್ಲಿ ಎದುರಾದ ತೊಡಕೂ ಇದೇ.

ಕನ್ಯಾರಾಶಿಯಲ್ಲಿ ನೀಹಾರಿಕೆಗಳು ದಟ್ಟವಾಗಿರುವುದನ್ನು ಫ್ರಾನ್ಸಿನ ಮೆಸ್ಸಿಯೆ 1781ರಲ್ಲಿಯೇ ಗುರುತಿಸಿದ್ದನು. ಇಂತಹ ನೀಹಾರಿಕೆಗಳು ನಮ್ಮ ಆಕಾಶಗಂಗೆಯ ಹೊರಗಣ ನಕ್ಷತ್ರಲೋಕಗಳು, ಎಂದರೆ ಗೆಲಾಕ್ಸಿಗಳು, ಎಂಬುದು ಖಚಿತವಾದುದು 1920ರ ದಶಕದಲ್ಲಿ, ಹಬಲ್ಲನ ಅಳತೆಗಳಿಂದ. ಅವುಗಳ ಹಂಚಿಕೆ ಹೇಗೆ? 1932ರಲ್ಲಿ ಶೇಪ್ಲಿ ಮತ್ತು ಏಮ್ಸ್ ಪ್ರಕಟಿಸಿದ ಸುಮಾರು 1,250 ಗೆಲಾಕ್ಸಿಗಳ ಪಟ್ಟಿಯಲ್ಲಿ ಏರುಪೇರು ಎದ್ದು ಕಾಣುತ್ತಿತ್ತು. ಹಬಲ್ಲನಾದರೋ 1934ರಲ್ಲಿ ಸುಮಾರು 44,000 ಗೆಲಾಕ್ಸಿಗಳನ್ನೆಣಿಸಿ, ವಿಶಾಲ ದೃಷ್ಟಿಯಿಂದ ಹಂಚಿಕೆ ಸಮವಾಗಿದೆಯೆಂದನು. ಯಾರ ಮಾತು ದಿಟ?

ಉತ್ತರಕ್ಕೆ ಇನ್ನೂ ದೊಡ್ಡ ಎಣಿಕೆ ಬೇಕಾಗಿತ್ತು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ಶೇನ್ ಮತ್ತು ವಿರ್ಟಾನೆನ್ ಎಂಬ ಇಬ್ಬರು ಛಾಯಾಫಲಕಗಳನ್ನು ಚೌಕಚೌಕವಾಗಿ ಪರೀಕ್ಷಿಸಿ, ಬರಿಯ ಕಣ್ಣಳತೆಯಿಂದಲೇ ಸುಮಾರು 10 ಲಕ್ಷ ಗೆಲಾಕ್ಸಿಗಳನ್ನು ಎಣಿಸಿದರು. ಆ ಲೆಕ್ಕ 1967ರಲ್ಲಿ ಪ್ರಕಟವಾಯಿತು. ಪ್ರಿನ್ಸ್‌ಟನ್ನಿನ ಪೀಬಲ್ಸ್ ಮತ್ತು ಅವನ ಸಂಗಡಿಗರು 1970ರ ದಶಕದಲ್ಲಿ ಅದನ್ನು ಗಣಿತದ ಒರೆಗೆ ಹಚ್ಚಿದರು.

ಕ್ರಮ ಸರಳವಾದುದು. ಇಂತಿಷ್ಟು ಅಂತರದಲ್ಲಿರುವ ಗೆಲಾಕ್ಸಿಗಳ ಜೋಡಿಗಳೆಷ್ಟು? ರಾಗಿಯಂತೆ ಚೆಲ್ಲಿದ ಬಿಂದುಗಳಲ್ಲಿ ಅಷ್ಟೇ ಅಂತರದ ಜೋಡಿಗಳೆಷ್ಟು? ಮೊದಲನೆಯದು ಎಷ್ಟು ಹೆಚ್ಚೋ ಅಷ್ಟು ನಿಜವಾದ ಕೂಟ. ಒಂದು ಗೆಲಾಕ್ಸಿಯಿಂದ ಸುಮಾರು ಎರಡೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇನ್ನೊಂದು ಸಿಕ್ಕುವ ಸಂಭವ ಎರಡರಷ್ಟಿದೆ; ದೂರ ಬೆಳೆದಂತೆ ಈ ಹೆಚ್ಚಳ ಕರಗುತ್ತ ಹೋಗುವುದು. ಹೀಗೆ ಶೇಪ್ಲಿಯ ಮಾತೂ ಹಬಲ್ಲನ ಮಾತೂ ನಿಂತವು. ಅವರು ಹಿಡಿದ ಅಳತೆಗೋಲುಗಳು ಬೇರೆ, ಅಷ್ಟೆ.

ಆದರೆ ಛಾಯಾಫಲಕವು ದಿಕ್ಕನ್ನು ತೋರಿಸೀತೇ ಹೊರತು ದೂರವನ್ನಲ್ಲ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದು ಕೆಂಪಿನ ಕಡೆಗೆ ಸರಿದಿರುವುದನ್ನು ಅಳೆದು ದೂರವನ್ನು ತಿಳಿಯಬೇಕಾಯಿತು. 1986ರಲ್ಲಿ ಡಿ ಲಾಪರೆಂಟ್, ಗೆಲ್ಲರ್, ಹುಕ್ರಾ ಎಂಬವರು ಸುಮಾರು 1,100 ಗೆಲಾಕ್ಸಿಗಳನ್ನು ಹೀಗೆ ಗುರುತಿಸಿದಾಗ, ಅವು ನೊರೆಯ ಗುಳ್ಳೆಗಳ ಅಂಚಿನಲ್ಲಿರುವಂತೆಯೂ ನಡುವೆ ವಿಶಾಲ ಬರಿದುಗಳಿರುವಂತೆಯೂ ಕಂಡುಬಂದವು.

2005ರಲ್ಲಿ ಸ್ಲೋನ್ ಸಮೀಕ್ಷೆಯ 46,748 ಕೆಂಪು ಗೆಲಾಕ್ಸಿಗಳ ಜೋಡಿಗಳನ್ನೆಣಿಸಿದವರಿಗೆ, ಸುಮಾರು 50 ಕೋಟಿ ಜ್ಯೋತಿರ್ವರ್ಷಗಳ ಅಂತರದಲ್ಲಿ ಜೋಡಿಗಳು ಮತ್ತೆ ಕೊಂಚ ಹೆಚ್ಚಿರುವುದು ಕಂಡಿತು. ವಿಶ್ವದ ಶೈಶವದಲ್ಲಿ, ಕುದಿಯುವ ಅನಿಲದೊಳಗೆ ಹರಿದ ಶಬ್ದತರಂಗಗಳ ಗುರುತು ಅದು. ವಿಶ್ವವು ಹಿಗ್ಗುವ ಬಗೆಯನ್ನಳೆಯಲು ವಿಜ್ಞಾನಿಗಳಿಗೆ ಅದೇ ಈಗ ಅಳತೆಗೋಲಾಗಿದೆ. ಕಣ್ಣು ಕಂಡುದನ್ನು ನಂಬದೆ ಎಣಿಸಿ ನೋಡಿದವರಿಗೆ ದೊರೆತ ಫಲವಿದು.