ಸಂತೈಸುವವರ ‘ತಾನು’: ಮುಕ್ತಾಯಕ್ಕನ ಪ್ರಶ್ನೆ ಮತ್ತು ಕುಟುಂಬ ಚಿಕಿತ್ಸೆಯ ತರಬೇತಿ

ನಾನು ಉಮರ್ಗಾ ತಾಲೂಕಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಮನೋವೈದ್ಯೆ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಈ ವಿಷಯ ಎತ್ತಿಕೊಂಡದ್ದು ನಮ್ಮಜ್ಜಿಯ ಕಾರಣಕ್ಕೆ.

1956ರಲ್ಲಿ ಬೀದರ ಜಿಲ್ಲೆ ಒಡೆದಾಗ ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಸೇರಿದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯ ಜೊತೆಗೇ ಹೋಯಿತು. ನಮ್ಮಂಥ ಮನೆಗಳಲ್ಲಿ ಒಳಗೆ ಕನ್ನಡ, ಕಚೇರಿ ದವಾಖಾನೆಗೆ ಮರಾಠಿ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಅಜ್ಜಿ ತನ್ನ ತಂಗಿಯನ್ನ ಕಳಕೊಂಡಳು. ವಿಚಾರಿಸಲು ಬಂದವರಿಗೆಲ್ಲ ಮರಾಠಿಯಲ್ಲಿ “ಠೀಕ್ ಆಹೆ” ಅಂದು ಕಳಿಸಿದಳಂತೆ. ಅತ್ತದ್ದು ಮಾತ್ರ ಕನ್ನಡದಲ್ಲಿ. ಅದೂ ಮಗನನ್ನ ಕಳಕೊಂಡಿದ್ದ ನೆರೆಮನೆಯಾಕೆ ಏನೂ ಕೇಳದೆ ಬಂದು ಪಕ್ಕ ಕೂತಾಗ. ಇದು ಅಮ್ಮ ಹೇಳಿದ್ದು.

ಕುಟುಂಬ ಚಿಕಿತ್ಸೆಯ ಚರಿತ್ರೆಯಲ್ಲಿ 1967 ಮುಖ್ಯವಾದ ವರ್ಷ. ಅಮೆರಿಕದ ಮನೋವೈದ್ಯ ಮರ್ರೆ ಬೊವೆನ್ ಒಂದು ಸಮ್ಮೇಳನದಲ್ಲಿ ಸಿದ್ಧಾಂತ ಹೇಳುವ ಬದಲು, ತನ್ನದೇ ತಂದೆತಾಯಿ, ಅಣ್ಣತಮ್ಮಂದಿರ ನಡುವೆ ತಾನು ಹೇಗೆ ಸಿಕ್ಕಿಕೊಂಡಿದ್ದೆ ಅನ್ನೋದನ್ನ ಬಿಚ್ಚಿಟ್ಟ. 1972ರಲ್ಲಿ ಅದು ಅಚ್ಚಾದಾಗ ಲೇಖಕನ ಹೆಸರೇ ಇರಲಿಲ್ಲ. ಮನೆಯ ಮಾತು ಹೊರಗೆ ಆಡೋದು ಅಲ್ಲಿಯೂ ಸುಲಭ ಅಲ್ಲ ನೋಡಿ. ತಮ್ಮ ಮನೆಯ ಮೇಲೆ ಕೆಲಸ ಮಾಡಿದ ಶಿಷ್ಯರೇ ರೋಗಿಗಳ ಜೊತೆಗೂ ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಆತ ಹೇಳುತ್ತಿದ್ದ. ಮುಂದೆ ಹ್ಯಾರಿ ಅಪಾಂಟೆ ಇದನ್ನ ಒಂದು ತರಬೇತಿ ಕ್ರಮವನ್ನಾಗಿಯೇ ಬೆಳೆಸಿದ. ಅವನ ಪ್ರಕಾರ ಚಿಕಿತ್ಸಕ ತನ್ನ ಗಾಯವನ್ನ ಪೂರ್ತಿ ವಾಸಿ ಮಾಡಿಕೊಂಡೇ ಬರಬೇಕಿಲ್ಲ, ಅದನ್ನ ಗುರುತಿಸಿ ಬಳಸಲು ಕಲಿತರೆ ಸಾಕು.

ಕನ್ನಡದವರಿಗೆ ಇಲ್ಲಿ ‘ಶೂನ್ಯಸಂಪಾದನೆ’ ನೆನಪಾಗಬೇಕು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ ಈ ಕೃತಿಯಲ್ಲಿ, ಅಣ್ಣ ಅಜಗಣ್ಣನನ್ನ ಕಳಕೊಂಡು ಅಳುತ್ತಿರುವ ಮುಕ್ತಾಯಕ್ಕನ ಹತ್ತಿರ ಅಲ್ಲಮ ಬರುತ್ತಾನೆ. ಆಕೆ ಸುಮ್ಮನೆ ಸಮಾಧಾನ ಆಗೋದಿಲ್ಲ. ಇಷ್ಟು ಮಾತಾಡುವ ನೀನು ನಿನ್ನನ್ನ ಅರಿತಿದ್ದೀಯಾ ಅನ್ನೋ ಅರ್ಥದಲ್ಲಿ ತಿರುಗಿ ಕೇಳುತ್ತಾಳೆ. ಕೊನೆಗೆ ಒಪ್ಪುತ್ತಾಳೆ, ಆದರೆ ಅಷ್ಟು ಹೊತ್ತೂ ಪರೀಕ್ಷೆಗೆ ನಿಂತವನು ಅಲ್ಲಮನೂ ಹೌದು. ಇದನ್ನ ಚಿಕಿತ್ಸೆ ಅಂತ ಕರೆಯೋದು ತಪ್ಪು. ಅದರ ಗುರಿ ಅನುಭಾವ. ಆದರೆ ಸಂತೈಸುವವನನ್ನೇ ಪ್ರಶ್ನಿಸುವ ಹಕ್ಕು ದುಃಖಿಗೆ ಇದೆ ಅನ್ನೋದು ಅಲ್ಲಿ ಸ್ಪಷ್ಟವಾಗಿದೆ.

ಗಡಿಯಲ್ಲಿ ಈ ‘ತಾನು’ ಅನ್ನೋದರೊಳಗೆ ಭಾಷೆಯೂ ಸೇರುತ್ತೆ. ಬೊವೆನ್ ಅದರ ಬಗ್ಗೆ ಯೋಚಿಸಬೇಕಾಗಿರಲಿಲ್ಲ. ನನಗೆ ಅದು ತಿಳಿದದ್ದು ತಡವಾಗಿ: ಈ ಪ್ರಬಂಧಕ್ಕಾಗಿ ಮೊಬೈಲ್ ರೆಕಾರ್ಡಿಂಗ್ ಹಚ್ಚಿ, ವಹಿ ಹಿಡಕೊಂಡು ಅಜ್ಜಿಯ ಎದುರು ಕೂತೆ. ಭೂಕಂಪದ ಬಗ್ಗೆ ಕನ್ನಡದಲ್ಲೇ ಕೇಳಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ನನಗೂ ಮರಾಠಿಯಲ್ಲೇ ಉತ್ತರ ಕೊಟ್ಟಳು.