ಸಿಸ್ಟರ್, ಒಂದ್ ಮಾತ್ ಕೇಳ್ರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಆಸ್ಪತ್ರೆ ಅನ್ನುವುದು ಬೋರ್ಡಿನ ಮಾತು. ಮಂದಿಯ ಬಾಯಲ್ಲಿ ಅದು ದವಾಖಾನಿ. ನಿಜಾಮರ ಕಾಲದ ಉರ್ದು ಕಚೇರಿಗಳು ಹೋಗಿ ಎಷ್ಟೋ ವರ್ಷವಾಯಿತು, ದವಾಖಾನಿ ಹೋಗಲಿಲ್ಲ. ಅಲ್ಲಿ ಗುಳಿಗಿ ಕೊಡ್ತಾರ, ಸೂಜಿ ಮಾಡ್ತಾರ, ಸಲಾಯಿನ್ ಹಚ್ತಾರ. ಇದನ್ನೆಲ್ಲ ಮಾಡುವ ಹೆಣ್ಣುಮಗಳಿಗೆ ಮಾತ್ರ ಈ ಸೀಮೆಯ ಕನ್ನಡವೂ ಉರ್ದುವೂ ಸ್ವಂತ ಹೆಸರು ಕೊಡಲಿಲ್ಲ. ಹಳ್ಳಿಗೆ ಬಂದರೆ ಆಕೆ ನರ್ಸಬಾಯಿ, ದವಾಖಾನಿಯೊಳಗೆ ಸಿಸ್ಟರ್.

ಪಠ್ಯಪುಸ್ತಕದ ದಾದಿ ಇಲ್ಲಿ ನಡೆಯುವುದಿಲ್ಲ. ದಖನಿ ಮಾತಾಡುವ ಮನೆಗಳಲ್ಲಿ ದಾದಿ ಅಂದರೆ ಅಪ್ಪನ ಅವ್ವ. ವಾರ್ಡಿನಲ್ಲಿ ನಿಂತು ಯಾರಾದರೂ ದಾದಿ ಎಂದು ಕೂಗಿದರೆ ತಿರುಗಿ ನೋಡುವವಳು ಮೊಮ್ಮಗನ ಪಕ್ಕ ಕೂತ ಮುದುಕಿ. ಸಿಸ್ಟರ್‌ಗೆ ಆ ತೊಡಕಿಲ್ಲ. ಕ್ರೈಸ್ತ ಸನ್ಯಾಸಿನಿಯರಿಂದ ಹೊರಟ ಆ ಹೆಸರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸ್‌ಗೆ ನಿಂತಿತು. ನಮ್ಮಲ್ಲಿಗೆ ಬಂದ ಮೇಲೆ ಹಿರಿಯರು ಕಿರಿಯರು ಎಲ್ಲರಿಗೂ ಅದೇ ಕರೆ. ಗಡಿ ದಾಟಿ ಸೊಲ್ಲಾಪುರಕ್ಕೆ ರೋಗಿಯನ್ನು ಒಯ್ದರೆ ಬೋರ್ಡಿನಲ್ಲಿ ಪರಿಚಾರಿಕಾ ಎಂದಿರುತ್ತದೆ, ಕರೆಯುವಾಗ ಅಲ್ಲಿಯೂ ಸಿಸ್ಟರ್. ಅಣ್ಣ, ಅವ್ವ, ಮಾವ ಅನ್ನದೆ ಅಪರಿಚಿತರೊಡನೆ ಮಾತು ಸುರು ಮಾಡದ ನಮ್ಮ ಮಂದಿಗೆ ಈ ಇಂಗ್ಲಿಷ್ ಅಕ್ಕ ಬೇಗ ಒಗ್ಗಿದಳು.

ಆದರೆ ಒಂದೇ ಕರೆಯೊಳಗೆ ಎಷ್ಟು ಜನ ಅದಾರೆ ನೋಡಿ. ಮೂರು ವರ್ಷದ ಜಿಎನ್‌ಎಂ ಇಲ್ಲವೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿ ಬಂದ ಸ್ಟಾಫ್ ನರ್ಸ್ ಒಬ್ಬಳು. ಎರಡು ವರ್ಷದ ಎಎನ್‌ಎಂ ತರಬೇತಿ ಮುಗಿಸಿ ಉಪಕೇಂದ್ರ ನೋಡಿಕೊಳ್ಳುವವಳು ಇನ್ನೊಬ್ಬಳು. ಕಲಿಯಲು ಬಂದ ವಿದ್ಯಾರ್ಥಿನಿಯೂ ಸಿಸ್ಟರ್, ಎಷ್ಟೋ ಸಲ ವೈದ್ಯೆಯೂ ಸಿಸ್ಟರ್. ಅದೇ ಗಂಡು ನರ್ಸ್ ಬಂದರೆ ಹಿರಿಯರು ಎದ್ದು ನಿಂತು ‘ಸರ’ ಅಂತಾರೆ. ಇದು ನನ್ನನ್ನು ಬಹಳ ಕಾಡುತ್ತದೆ. ಹೆಣ್ಣು ಎಷ್ಟೇ ಓದಿದರೂ ಅಕ್ಕನಾಗಿಯೇ ಉಳಿಯುತ್ತಾಳೆ, ಗಂಡು ಬಾಗಿಲಲ್ಲೇ ಡಾಕ್ಟರ್ ಆಗುತ್ತಾನೆ.

ಸರ್ಕಾರ ಈಚೆಗೆ ಹುದ್ದೆಯ ಹೆಸರು ಬದಲಿಸಿತು. ಸ್ಟಾಫ್ ನರ್ಸ್ ಶುಶ್ರೂಷಾಧಿಕಾರಿಯಾದರು. ಉಪಕೇಂದ್ರದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯಾದರು. ನಾಲಿಗೆಗೆ ಭಾರವಾದರೂ ಈ ಹೆಸರುಗಳು ನನಗೆ ಬೇಕು. ‘ಸಹಾಯಕಿ’ ಅನ್ನಿಸಿಕೊಂಡು ಊರೂರು ತಿರುಗಿ ಲಸಿಕೆ ಹಾಕಿದವಳಿಗೆ ‘ಅಧಿಕಾರಿ’ ಅನ್ನುವುದು ಸಲ್ಲಬೇಕಾದದ್ದೇ.

ಶುಶ್ರೂಷೆಯ ಹುಟ್ಟಂತೂ ಇನ್ನೂ ದೊಡ್ಡದು. ಸಂಸ್ಕೃತದ ‘ಶ್ರು’, ಕೇಳು ಎಂಬ ಧಾತುವಿನಿಂದ ಬಂದದ್ದು ಅದು. ಮೂಲದಲ್ಲಿ ಕೇಳಬೇಕೆಂಬ ಇಚ್ಛೆ, ಆಮೇಲೆ ಗುರುವಿನ ಸೇವೆ, ಕೊನೆಗೆ ರೋಗಿಯ ಆರೈಕೆ. ಈ ಕಡೆಯ ದವಾಖಾನಿಯಲ್ಲಿ ಮೊದಲ ಅರ್ಥ ಇವತ್ತಿಗೂ ದುಡಿಯುತ್ತಿದೆ. ‘ಉರಿ ಬಂದಾವ’ ಅಂದರೆ ಜ್ವರ. ‘ಚಕ್ಕರ್ ಬರ್ತಾವ’ ಅಂದರೆ ತಲೆಸುತ್ತು. ‘ಬ್ಯಾನಿ’ ಅಂದರೆ ಹೆರಿಗೆ ನೋವು, ‘ನೀರು’ ಅಂದರೆ ಗರ್ಭದ ನೀರು. ‘ಬ್ಯಾನಿ ಸುರುವಾಗ್ಯಾವ, ನೀರ ಹ್ವಾದ್ವು’ ಎಂದು ಅತ್ತೆ ಬಾಗಿಲಲ್ಲೇ ಹೇಳಿದಳೆಂದರೆ, ಈ ಮಾತು ತಿಳಿದ ಸಿಸ್ಟರ್ ಎಷ್ಟೊತ್ತಿಗೆ ಹೋದವು, ಬಣ್ಣ ಹೇಗಿತ್ತು ಎಂದು ಅಲ್ಲೇ ಕೇಳುತ್ತಾಳೆ. ನೀರು ಹಸಿರಾಗಿತ್ತು ಅಂದರೆ ಹೊಟ್ಟೆಯೊಳಗಿನ ಕೂಸಿಗೆ ತೊಂದರೆ ಇರಬಹುದು. ಆಮೇಲೆ ಕನಿಷ್ಠ ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತ ಎಣಿಸಿ ಬರೆಯಬೇಕು. ಹೆರಿಗೆಯಾದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯಲು ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸೂಜಿ ಮಾಡಬೇಕು. ಆ ಹೊತ್ತಿಗೆ ಆಕೆಯ ಕಿವಿ ತಾಯಿಯ ನರಳಿಕೆಯ ಮೇಲೆ, ಕೂಸಿನ ಮೊದಲ ಅಳುವಿನ ಮೇಲೆ.

ಅದಕ್ಕೇ ಈ ನೆಲದ ಹುಡುಗಿಯರು ಈ ಕೆಲಸಕ್ಕೆ ಬರುವುದು ನನಗೆ ದೊಡ್ಡ ಸಂಗತಿ. ಸಂವಿಧಾನದ 371(ಜೆ) ಕಲಂ 2013ರಲ್ಲಿ ಜಾರಿಯಾಗಿ, ಸ್ಥಳೀಯ ವೃಂದದ ಸಿ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 80 ಈ ಭಾಗದವರಿಗೆ ಮೀಸಲಾದವು. ಹೊರಗಿನಿಂದ ಬಂದು ನಮ್ಮ ಮಾತು ಕಲಿತು ದುಡಿದವರ ಋಣ ನಮ್ಮ ಮೇಲೆ ಇದ್ದೇ ಇದೆ. ಆದರೂ ‘ಬ್ಯಾನಿ’ಯನ್ನು ತನ್ನ ಅವ್ವನ ಬಾಯಿಂದ ಕೇಳಿ ಬೆಳೆದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೇಳುವ ಮನಸ್ಸಿದ್ದರೆ ಸಾಲದು, ಹೊತ್ತು ಬೇಕು. ಅದನ್ನು ತೀರ್ಮಾನಿಸುವ ಮಾತುಗಳೇ ಬೇರೆ: ಖಾಲಿ ಹುದ್ದೆ, ಗುತ್ತಿಗೆ, ಹೊರಗುತ್ತಿಗೆ, ನಿಯೋಜನೆ. ಗುತ್ತಿಗೆ ಅಂದರೆ ರೈತನಿಗೆ ಹೊಲದ ಮಾತು. ಈಗ ಅದೇ ಮಾತು ಜೀವ ಉಳಿಸುವವರಿಗೂ ಅಂಟಿದೆ. ಒಪ್ಪಂದದ ಅವಧಿ ಮುಗಿದಾಗಲೆಲ್ಲ ನವೀಕರಣ ಆಗುತ್ತದೋ ಇಲ್ಲವೋ ಎಂಬ ಚಿಂತೆ. ನಿಯೋಜನೆಯ ಮೇಲೆ ಹೋದವಳ ಹುದ್ದೆ ಒಂದು ಊರಿನ ಲೆಕ್ಕದಲ್ಲಿ, ಆಕೆಯ ದುಡಿಮೆ ಇನ್ನೊಂದು ಊರಿನ ವಾರ್ಡಿನಲ್ಲಿ. ಕಾಗದದಲ್ಲಿ ಹುದ್ದೆ ತುಂಬಿದಂತೆ ಕಾಣುತ್ತದೆ, ರಾತ್ರಿ ಪಾಳಿಯಲ್ಲಿ ಮೇಜಿನ ಹತ್ತಿರ ಯಾರೂ ಇರುವುದಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಹಳೆಯ ಮಾನದಂಡವೇ ಹೇಳುವಂತೆ ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬ ನರ್ಸ್ ಬೇಕು, ಜೊತೆಗೆ ರಜಾ ಮೀಸಲು ನೂರಕ್ಕೆ 30. ಈ ಐದಕ್ಕೊಬ್ಬರನ್ನು ಮೂರು ಪಾಳಿಗೆ ಹಂಚಿದರೆ ಒಂದು ಪಾಳಿಯಲ್ಲಿ 15 ಹಾಸಿಗೆಗೆ ಒಬ್ಬಳು. ಅಷ್ಟೂ ಹುದ್ದೆ ತುಂಬಿದಾಗಿನ ಲೆಕ್ಕ ಇದು. ಹೆರಿಗೆ ಕೋಣೆಯಲ್ಲಿ ಎರಡೂ ಕೈ ತುಂಬಿರುವವಳು ವಾರ್ಡಿನಿಂದ ‘ಸಿಸ್ಟರ್’ ಎಂಬ ಕೂಗು ಕೇಳಿದರೆ ಎಲ್ಲಿಗೆ ಓಡಬೇಕು? ಮೂರೂ ತಾಲೂಕಿನ ದವಾಖಾನಿಗಳಲ್ಲಿ ರಾತ್ರಿ ಹೆರಿಗೆ ಕೋಣೆಗೆ ಒಬ್ಬರು, ವಾರ್ಡಿಗೆ ಬೇರೆಯೇ ಒಬ್ಬರು ಇರಲೇಬೇಕು. ಅವರ ಹೆಸರು, ಹುದ್ದೆ ಎರಡನ್ನೂ ದೊಡ್ಡ ಕನ್ನಡ ಅಕ್ಷರದಲ್ಲಿ ವಾರ್ಡಿನ ಬಾಗಿಲಿಗೆ ಹಾಕಲಿ. ರಜಾ ಮೀಸಲಿನ ಆ 30ನ್ನೂ ಎಣಿಸಿಯೇ ಮುಂದಿನ ನೇಮಕಾತಿ ಆಗಲಿ.