ಗಾಳಿಯಿಂದ ತಣಿಯುವ ಪೋರ್ಷೆ ಕಾರುಗಳ ಬೆಲೆಯೇರಿಕೆ: ಒಂದು ಚಾರಿತ್ರಿಕ ವಿವೇಚನೆ

ಧಾನ್ಯದ ಧಾರಣೆ, ಭೂಮಿಯ ಕ್ರಯ, ಚಿನ್ನ ಬೆಳ್ಳಿಗಳ ವಿನಿಮಯದ ದರ ಮೊದಲಾದುವನ್ನು ಇತಿಹಾಸಕಾರರು ಬಹುಕಾಲದಿಂದ ತಮ್ಮ ಆಧಾರಸಾಮಗ್ರಿಯಲ್ಲಿ ಸೇರಿಸಿಕೊಂಡಿದ್ದಾರೆ. ಒಂದು ಸಮಾಜವು ಯಾವ ವಸ್ತುವನ್ನು ಎಷ್ಟರಮಟ್ಟಿಗೆ ಬಯಸಿತೆಂಬುದಕ್ಕೆ ಬೆಲೆಗಿಂತ ನೇರವಾದ ಸಾಕ್ಷ್ಯ ದೊರೆಯುವುದು ಅಪೂರ್ವ. ಆದರೆ ಧಾನ್ಯದ ಬೆಲೆಯ ಹಿಂದೆ ಹಸಿವೂ ಮಳೆಯೂ ಇರುತ್ತವೆ. ಯಾರ ಜೀವನಕ್ಕೂ ಅವಶ್ಯಕವಲ್ಲದ, ಅದಕ್ಕಿಂತ ಉತ್ತಮವಾದುದು ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ, ಹಳೆಯ ಯಂತ್ರವೊಂದರ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿದರೆ ಅದರ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಜರ್ಮನಿಯ ಪೋರ್ಷೆ ಸಂಸ್ಥೆಯು ೧೯೯೮ರವರೆಗೆ ತಯಾರಿಸಿದ, ಗಾಳಿಯಿಂದ ತಣಿಯುವ ಎಂಜಿನ್ನುಳ್ಳ ಸ್ಪೋರ್ಟ್ಸ್ ಕಾರುಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳ ಬೆಲೆ ಏಕೆ ಏರಿತು, ಏರಿದ ಬೆಲೆಯು ಆ ಕಾರುಗಳನ್ನೇ ಹೇಗೆ ಮಾರ್ಪಡಿಸಿತು ಎಂಬೆರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಇಂಥ ಕಾರಿನಲ್ಲಿ ಒಮ್ಮೆಯಾದರೂ ಕುಳಿತ ಭಾಗ್ಯ ನಮ್ಮದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಪರಿಚಯವೆಲ್ಲ ಕಾಗದದ ಮೂಲಕವಾದುದು.

ಮೊದಲು ಯಂತ್ರದ ವಿಚಾರ. ಎಂಜಿನ್ನಿನಲ್ಲಿ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಭಾಗ ಮಾತ್ರ ಚಲನೆಯಾಗಿ ಪರಿಣಮಿಸುತ್ತದೆ. ಉಳಿದುದನ್ನು ಹೊರಹಾಕದಿದ್ದಲ್ಲಿ ಲೋಹ ಕೆಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಈ ಕೆಲಸವನ್ನು ನೀರು ಮಾಡುತ್ತದೆ. ಅದು ಎಂಜಿನ್ನನ್ನು ಸುತ್ತಿ ಬಂದು ರೇಡಿಯೇಟರಿನಲ್ಲಿ ತಣಿಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ನೀರಿಲ್ಲ, ರೇಡಿಯೇಟರೂ ಇಲ್ಲ. ಸಿಲಿಂಡರುಗಳ ಹೊರಮೈಯಲ್ಲಿ ಲೋಹದ ತೆಳುವಾದ ಏಣುಗಳಿದ್ದು, ದೊಡ್ಡದೊಂದು ಫ್ಯಾನು ಅವುಗಳ ಮೇಲೆ ಗಾಳಿಯನ್ನು ಬೀಸುತ್ತದೆ. ಫರ್ಡಿನಾಂಡ್ ಪೋರ್ಷೆ (೧೮೭೫-೧೯೫೧) ಅವರು ೧೯೩೦ರ ದಶಕದಲ್ಲಿ ರೂಪಿಸಿದ ಫೋಕ್ಸ್‌ವಾಗನ್ ಕಾರಿನದು ಈ ಪದ್ಧತಿಯೇ. ಅವರ ಮಗ ಫೆರಿ ಪೋರ್ಷೆ ೧೯೪೮ರಲ್ಲಿ ಆಸ್ಟ್ರಿಯದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ತಮ್ಮ ಹೆಸರಿನ ಮೊದಲ ಕಾರಾದ ೩೫೬ನ್ನು ಕಟ್ಟಿದಾಗ ಕೈಗೆ ಸಿಕ್ಕಿದುದು ಫೋಕ್ಸ್‌ವಾಗನ್ನಿನ ಭಾಗಗಳು. ಹೀಗೆ ಯುದ್ಧಾನಂತರದ ಬಡತನದಲ್ಲಿ ಅನಿವಾರ್ಯವಾಗಿ ಬಂದ ಲಕ್ಷಣವೇ ಮುಂದೆ ಐವತ್ತು ವರ್ಷಗಳ ಪರಂಪರೆಯಾಯಿತು.

೧೯೬೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ೩೫೬ರ ಉತ್ತರಾಧಿಕಾರಿಯನ್ನು ಸಂಸ್ಥೆಯು ಮುಂದಿಟ್ಟಿತು. ಅದಕ್ಕಿಟ್ಟ ಹೆಸರು ೯೦೧. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತನಗೆ ಮೀಸಲೆಂದು ಫ್ರಾನ್ಸಿನ ಪೂಜೋ ಸಂಸ್ಥೆ ಆಕ್ಷೇಪಿಸಿದುದರಿಂದ ೧೯೬೪ರಲ್ಲಿ ಅದು ೯೧೧ ಆಯಿತು. ಆರು ಸಿಲಿಂಡರು, ೧,೯೯೧ ಘನ ಸೆಂಟಿಮೀಟರು, ೧೩೦ ಅಶ್ವಶಕ್ತಿ, ೨೧,೯೦೦ ಮಾರ್ಕುಗಳ ಬೆಲೆ. ಎಂಜಿನ್ನು ಹಿಂಬದಿಯಲ್ಲಿ, ಹಿಂದಿನ ಗಾಲಿಗಳಿಗಿಂತಲೂ ಆಚೆಗೆ, ತೂಗಿಬಿದ್ದಂತೆ ಇದ್ದುದರಿಂದ ತಿರುವಿನಲ್ಲಿ ಅಜಾಗರೂಕನಾದ ಚಾಲಕನನ್ನು ಅದು ಕ್ಷಮಿಸುತ್ತಿರಲಿಲ್ಲ. ದೋಷಗಳಿಗೆ ಅಲ್ಲಿಗೇ ಕೊನೆಯಿಲ್ಲ. ಮೊದಲ ಹತ್ತು ವರ್ಷಗಳ ಕಾರುಗಳ ಮೈ ಸುಲಭವಾಗಿ ತುಕ್ಕು ಹಿಡಿಯುತ್ತಿದ್ದಿತು. ೧೯೭೦ರ ದಶಕದ ೨.೭ ಲೀಟರಿನ ಎಂಜಿನ್ನುಗಳಲ್ಲಿ ಸಿಲಿಂಡರುಗಳನ್ನು ಬಿಗಿದ ಸಲಾಕೆಗಳು ಮ್ಯಾಗ್ನೀಸಿಯಮ್ ಕವಚದಿಂದ ಕಿತ್ತು ಬರುತ್ತಿದ್ದುವು. ಎಂಜಿನ್ನಿನೊಳಗಿನ ಸರಪಣಿಯನ್ನು ಬಿಗಿಹಿಡಿಯುವ ಸಾಧನಕ್ಕೆ ೧೯೮೪ರ ಮಾದರಿಯವರೆಗೂ ಒಳ್ಳೆಯ ಹೆಸರಿರಲಿಲ್ಲ. ಈಗ ಹರಾಜಿನಲ್ಲಿ ಬೆಲೆ ಕಟ್ಟಲ್ಪಡುವುದು ಈ ದೋಷಗಳೊಡನೆ ಕೂಡಿದ ಕಾರಿಗೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಸಂಸ್ಥೆಗೇ ಈ ಕಾರಿನ ಮೇಲೆ ಬಹುಕಾಲ ಭರವಸೆಯಿರಲಿಲ್ಲ. ೧೯೭೭ರಲ್ಲಿ ಅದು ಹೊರತಂದ ೯೨೮ ಎಂಬ ಕಾರಿನ ಎಂಜಿನ್ನು ಮುಂಭಾಗದಲ್ಲಿದ್ದಿತು, ನೀರಿನಿಂದ ತಣಿಯುತ್ತಿದ್ದಿತು. ೯೧೧ರ ಸ್ಥಾನವನ್ನು ಅದು ಆಕ್ರಮಿಸಬೇಕೆಂಬುದು ಆಗಿನ ಆಡಳಿತದ ಎಣಿಕೆ. ೧೯೮೧ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಷುಟ್ಜ್ ಅವರು ಎಂಜಿನಿಯರೊಬ್ಬರ ಕೋಣೆಯ ಗೋಡೆಯ ಮೇಲಿದ್ದ ನಕ್ಷೆಯಲ್ಲಿ ೯೧೧ರ ರೇಖೆ ಅರ್ಧಕ್ಕೇ ನಿಂತಿದ್ದುದನ್ನು ಕಂಡು, ಲೇಖನಿ ತೆಗೆದುಕೊಂಡು ಅದನ್ನು ನಕ್ಷೆಯ ಅಂಚನ್ನೂ ದಾಟಿ ಗೋಡೆಯ ಮೇಲೆ ಎಳೆದರೆಂಬ ಕಥೆಯನ್ನು ಅವರೇ ಹೇಳುತ್ತಿದ್ದರು. ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡ ಕಥೆಯನ್ನು ಇತಿಹಾಸಕಾರನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಆದರೂ ೯೧೧ ಉಳಿದುಕೊಂಡುದಂತೂ ನಿಜ.

ಕೊನೆಗೆ ಅದನ್ನು ಕೊನೆಗೊಳಿಸಿದುದು ಕಾಯಿದೆ ಮತ್ತು ಭೌತಶಾಸ್ತ್ರ. ಹೊಗೆಯ ಮೇಲೂ ಸದ್ದಿನ ಮೇಲೂ ನಿರ್ಬಂಧಗಳು ಬಿಗಿಯಾಗುತ್ತ ಬಂದುವು. ಅವುಗಳಿಗೆ ಒಳಪಟ್ಟೂ ಶಕ್ತಿಯನ್ನು ಹೆಚ್ಚಿಸಬೇಕಾದರೆ ಸಿಲಿಂಡರಿಗೆ ನಾಲ್ಕು ಕವಾಟಗಳು ಬೇಕು. ನಾಲ್ಕು ಕವಾಟಗಳ ಇಕ್ಕಟ್ಟಾದ ತಲೆಯನ್ನು ಗಾಳಿಯೊಂದರಿಂದಲೇ ತಣಿಸುವುದು ದುಸ್ಸಾಧ್ಯ. ೧೯೯೭ರಲ್ಲಿ ನೀರಿನಿಂದ ತಣಿಯುವ ಹೊಸ ೯೧೧ ಬಂದಿತು. ಮರುವರ್ಷ ಮಾರ್ಚ್ ೨೭ರಂದು ಫೆರಿ ಪೋರ್ಷೆ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಗಾಳಿಯಿಂದ ತಣಿಯುವ ಕೊನೆಯ ೯೧೧ ಕಾರ್ಖಾನೆಯಿಂದ ಹೊರಬಿದ್ದಿತು. ಆ ವೇಳೆಗೆ ಇಂಥ ೯೧೧ಗಳು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ತಯಾರಾಗಿದ್ದುವು. ಈ ಸಂಖ್ಯೆಯನ್ನು ನೋಡಿದರೆ ವಿರಳತೆಯೊಂದೇ ಬೆಲೆಯೇರಿಕೆಗೆ ಕಾರಣವೆಂಬ ವಾದ ನಿಲ್ಲುವುದಿಲ್ಲವೆಂಬುದು ಸ್ಪಷ್ಟ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪರಂಪರೆ ಮುಗಿದೊಡನೆ ಬೆಲೆ ಏರಲಿಲ್ಲ. ಮುಂದಿನ ಹತ್ತು ಹನ್ನೆರಡು ವರ್ಷಗಳ ಕಾಲ ಸಾಮಾನ್ಯ ಮಾದರಿಯ ೯೧೧ ಒಂದು ಹಳೆಯ ಕಾರಾಗಿಯೇ ಇದ್ದಿತು; ಸಂಬಳದ ಮೇಲೆ ಜೀವಿಸುವ ಹವ್ಯಾಸಿಯು ಉಳಿತಾಯ ಮಾಡಿ ಅದನ್ನು ಕೊಳ್ಳಬಹುದಾಗಿದ್ದಿತು. ಅದಕ್ಕೂ ಹಿಂದೆ, ೧೯೮೦ರ ದಶಕದಲ್ಲಂತೂ, ೧೯೬೦ರ ದಶಕದ ಕಾರಿಗೆ ಹೊಸ ಮಾದರಿಯ ಬಂಪರು, ಅಗಲವಾದ ರೆಕ್ಕೆಗಳನ್ನು ಜೋಡಿಸಿ ಹೊಸದರಂತೆ ಕಾಣಿಸುವ ಚಾಳಿಯೇ ಇದ್ದಿತು. ಬೆಲೆ ನಿಜವಾಗಿ ಮೇಲಕ್ಕೆ ಹೊರಟದ್ದು ೨೦೧೦ರ ಈಚೆಗೆ. ಇದಕ್ಕೆ ಹಲವು ಪ್ರವಾಹಗಳು ಒಂದೆಡೆ ಸೇರಿದುವೆಂದು ನಮಗೆ ತೋರುತ್ತದೆ. ೨೦೦೮ರ ಆರ್ಥಿಕ ಕುಸಿತದ ತರುವಾಯ ಬ್ಯಾಂಕುಗಳ ಬಡ್ಡಿ ತೀರ ಇಳಿದು, ಹಣವುಳ್ಳವರು ಕಣ್ಣಿಗೆ ಕಾಣುವ ವಸ್ತುಗಳನ್ನು ಅರಸಿದರು. ೧೯೭೦-೮೦ರ ದಶಕಗಳಲ್ಲಿ ಈ ಕಾರಿನ ಚಿತ್ರವನ್ನು ಮಲಗುವ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗರು ಐವತ್ತರ ಸಮೀಪಕ್ಕೆ ಬಂದು ಕೈಯಲ್ಲಿ ದುಡ್ಡುಳ್ಳವರಾದರು. ಅಮೆರಿಕದ ಕಾಯಿದೆಯ ಪ್ರಕಾರ ಇಪ್ಪತ್ತೈದು ವರ್ಷ ತುಂಬಿದ ಪರದೇಶದ ಕಾರಿಗೆ ಸುರಕ್ಷತೆಯ ನಿಯಮಗಳಿಂದ ವಿನಾಯಿತಿಯಿರುವುದರಿಂದ, ಹಿಂದೆ ಆ ದೇಶಕ್ಕೆ ಬರಲಾರದಿದ್ದ ಮಾದರಿಗಳಿಗೂ ಅಲ್ಲಿ ಗಿರಾಕಿಗಳು ಹುಟ್ಟಿದರು. ಆದರೆ ಇವೆಲ್ಲ ಬೇರೆ ಕಾರುಗಳಿಗೂ ಅನ್ವಯಿಸುವ ಕಾರಣಗಳು. ೯೧೧ಕ್ಕೇ ವಿಶಿಷ್ಟವಾದುದು ೧೯೯೮ರ ಗೆರೆ. ಆ ವರ್ಷದವರೆಗೆ ಪ್ರತಿಯೊಂದು ಹಳೆಯ ೯೧೧ ಹೊಸ ೯೧೧ರ ಹಳತಾದ ರೂಪವಾಗಿದ್ದಿತು. ಗೆರೆ ಎಳೆದ ಮೇಲೆ ಹಳೆಯವೆಲ್ಲ ಸೇರಿ ಒಂದು ಕುಲವಾದುವು. ಕಾರ್ಖಾನೆಯವರು ಅಂತ ಹೇಳಿದ ಹತ್ತು ವರ್ಷಗಳ ಮೇಲೆ ಗಿರಾಕಿಗಳು ಅದಕ್ಕೊಂದು ಯುಗದ ಹೆಸರನ್ನು ಕೊಟ್ಟರು. ೨೦೧೪ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಭಿಮಾನಿಗಳು ಆರಂಭಿಸಿದ ಮೇಳಕ್ಕೆ ಇಟ್ಟ ಹೆಸರು 'ಲುಫ್ಟ್‌ಗೆಕ್ಯೂಲ್ಟ್'. ಗಾಳಿಯಿಂದ ತಣಿದದ್ದು ಎಂದು ಆ ಜರ್ಮನ್ ಪದದ ಅರ್ಥ. ತಣಿಸುವ ರೀತಿಯೊಂದು, ರಾಜವಂಶದ ಹೆಸರಿನಂತೆ, ಕಾಲವಿಭಾಗದ ಸೂಚಕವಾಯಿತು.

ಬೆಲೆಗಳ ಕೆಲವು ಉದಾಹರಣೆಗಳನ್ನು ಕೊಡಬಹುದು. ೧೯೭೦ರ ೯೧೧ ಎಸ್ ಕಾರೊಂದು ೨೦೧೧ರ ಆಗಸ್ಟಿನಲ್ಲಿ ೧೩,೭೫,೦೦೦ ಡಾಲರುಗಳಿಗೆ ಹರಾಜಾಯಿತು. ಅದು ಚಲನಚಿತ್ರನಟ ಸ್ಟೀವ್ ಮೆಕ್ವೀನ್ ಅವರದಾಗಿದ್ದುದರಿಂದ ಅಲ್ಲಿ ಕಾರಿಗೆಷ್ಟು, ನಟನ ಹೆಸರಿಗೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಜ್ಯಾನಿಸ್ ಜಾಪ್ಲಿನ್ ಎಂಬ ಗಾಯಕಿಯ ಬಣ್ಣಬಣ್ಣದ ೩೫೬ ಕಾರು ೨೦೧೫ರಲ್ಲಿ ೧೭ ಲಕ್ಷ ಡಾಲರು ಮೀರಿದುದೂ ಇದೇ ಜಾತಿಯದು. ಇವುಗಳಿಗಿಂತ ಹೆಚ್ಚು ಬೋಧಪ್ರದವಾದುದು ಯಾವ ಖ್ಯಾತನಾಮರ ಹಂಗೂ ಇಲ್ಲದ ೧೯೯೫ರ ಜಿಟಿ೨ ಕಾರು. ೨೦೧೬ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಅದರ ಬೆಲೆ ೧೮ ಲಕ್ಷ ಪೌಂಡುಗಳನ್ನು ದಾಟಿತು. ಆಗ ಅದಕ್ಕೆ ಇಪ್ಪತ್ತೊಂದೇ ವರ್ಷ.

ಬೆಲೆ ಈ ಮಟ್ಟಕ್ಕೆ ಏರಿದಾಗ ಕಾರಿನೊಡನೆ ಅದರ ಕಾಗದಗಳೂ ಬೆಲೆ ಪಡೆದುವು. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ, ಮೈಯ ಸಂಖ್ಯೆ, ಕಾರ್ಖಾನೆಯ ದಫ್ತರದಲ್ಲಿ ನಮೂದಾದ ಬಣ್ಣ ಇವೆಲ್ಲ ಒಂದಕ್ಕೊಂದು ಹೊಂದಿದರೆ ಒಂದು ಬೆಲೆ, ಹೊಂದದಿದ್ದರೆ ಬೇರೊಂದು ಬೆಲೆ. ೧೯೭೩ರ ಕರೇರಾ ಆರ್‌ಎಸ್ ಎಂಬ ಹಗುರವಾದ ಮಾದರಿಯನ್ನು ಪಂದ್ಯದ ನಿಯಮಕ್ಕಾಗಿ ೫೦೦ ತಯಾರಿಸಿದರೆ ಸಾಕಾಗಿದ್ದಿತು. ಬೇಡಿಕೆ ಹೆಚ್ಚಿ ೧,೫೮೦ ತಯಾರಾದುವು. ಅದರ ಬಾತುಕೋಳಿಯ ಬಾಲದಂತಿರುವ ಹಿಂಭಾಗವನ್ನೂ ಪಕ್ಕದ ಅಕ್ಷರಗಳನ್ನೂ ಸಾಧಾರಣವಾದ ೯೧೧ಕ್ಕೆ ಜೋಡಿಸುವುದು ಕಷ್ಟವಲ್ಲವಾದ್ದರಿಂದ ನಕಲುಗಳೂ ಹುಟ್ಟಿದುವು. ಎಲ್ಲ ನಕಲುಗಾರರೂ ಮೋಸಗಾರರಲ್ಲ. ಕೆಲವರು ಸ್ವಂತ ಸಂತೋಷಕ್ಕಾಗಿ ಮಾಡಿದರು. ಆದರೆ ಕಾರು ಮೂರು ಕೈ ಬದಲಾಯಿಸಿದ ಮೇಲೆ ಉದ್ದೇಶ ಮರೆತುಹೋಗಿ ರೂಪ ಮಾತ್ರ ಉಳಿಯುತ್ತದೆ. ಕರ್ಣಾಟಕದ ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟವೆಂದು ಫ್ಲೀಟ್ ಅವರು ವಾದಿಸಿದುದನ್ನೂ ರೈಸ್ ಅವರು ಅವನ್ನು ಸಮರ್ಥಿಸಿದುದನ್ನೂ ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಭೂಮಿಯ ಹಕ್ಕು ಪಟದ ಮೇಲೆ ನಿಂತಿದ್ದ ಕಡೆ ಪಟವನ್ನು ಸೃಷ್ಟಿಸುವವರಿರುತ್ತಾರೆ. ಲಕ್ಷಾಂತರ ಡಾಲರು ಸಂಖ್ಯೆಯ ಮೇಲೆ ನಿಂತ ಕಡೆ ಸಂಖ್ಯೆಯನ್ನು ಕೊರೆಯುವವರಿರುತ್ತಾರೆ.

ಈ ಸಂದರ್ಭದಲ್ಲಿ ೫೭ನೆಯ ಕಾರಿನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ೯೦೧ ಎಂಬ ಹೆಸರು ಬದಲಾಗುವ ಮುನ್ನ ತಯಾರಾದ ಕಾರುಗಳು ೮೨. ಷ್ಟುಟ್‌ಗಾರ್ಟಿನಲ್ಲಿರುವ ಪೋರ್ಷೆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇವುಗಳ ಪೈಕಿ ಒಂದೂ ಇರಲಿಲ್ಲ. ತನ್ನ ಪ್ರಸಿದ್ಧಿಗೆ ಮೂಲವಾದ ವಸ್ತುವನ್ನು ತಯಾರಕನೇ ಇಟ್ಟುಕೊಂಡಿರಲಿಲ್ಲವೆಂದರೆ ಆ ಕಾಲದಲ್ಲಿ ಅದನ್ನು ಎಷ್ಟು ಸಾಧಾರಣವೆಂದು ಎಣಿಸಿದ್ದರೆಂಬುದು ತಿಳಿಯುತ್ತದೆ. ೨೦೧೪ರಲ್ಲಿ ಜರ್ಮನಿಯ ದೂರದರ್ಶನದ ಕಾರ್ಯಕ್ರಮವೊಂದರವರು ಹಳೆಯ ಕೊಟ್ಟಿಗೆಯೊಂದರಲ್ಲಿ ಎರಡು ೯೧೧ಗಳನ್ನು ಕಂಡು ಸಂಗ್ರಹಾಲಯವನ್ನು ವಿಚಾರಿಸಿದರು. ಅವುಗಳಲ್ಲೊಂದು ೧೯೬೪ರ ೫೭ನೆಯ ಕಾರು. ಮೈ ತುಕ್ಕು ತಿಂದಿದ್ದಿತು. ಮುಂದಿನ ರೆಕ್ಕೆಗಳೇ ಇರಲಿಲ್ಲ. ಸಂಗ್ರಹಾಲಯವು ಅದಕ್ಕೆ ೧,೦೭,೦೦೦ ಯೂರೋಗಳನ್ನು ಕೊಟ್ಟಿತು. ಜೊತೆಗಿದ್ದ, ಕೆಲವೇ ವರ್ಷ ಕಿರಿದಾದ ಇನ್ನೊಂದು ಕಾರಿಗೆ ಕೊಟ್ಟುದು ೧೪,೫೦೦. ಒಂದೇ ಕೊಟ್ಟಿಗೆ, ಒಂದೇ ತುಕ್ಕು. ಏಳು ಪಟ್ಟಿಗೂ ಮಿಕ್ಕ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆ ಸಂಖ್ಯೆ. ಮೂರು ವರ್ಷಗಳ ದುರಸ್ತಿಯ ಬಳಿಕ, ೨೦೧೭ರ ಡಿಸೆಂಬರಿನಲ್ಲಿ, ಅದು ಹೊಳೆಯುವ ಕೆಂಪು ಬಣ್ಣದೊಡನೆ ಪ್ರದರ್ಶನಕ್ಕೆ ಬಂದಿತು. ಕೊಳೆತ ಭಾಗಗಳಿಗೆ ಬದಲಾಗಿ ಅದೇ ಕಾಲದ ಬೇರೊಂದು ಕಾರಿನ ತಗಡುಗಳನ್ನು ಬಳಸಿದರು. ಪ್ರಾಮಾಣಿಕವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಐವತ್ತು ವರ್ಷ ಆ ಕಾರು ಹೇಗೆ ಬದುಕಿತೆಂಬುದರ ಗುರುತುಗಳು ದುರಸ್ತಿಯಲ್ಲಿ ಅಳಿಸಿಹೋದುವು. ೧೯೬೪ನ್ನು ಉಳಿಸಿಕೊಳ್ಳುವುದಕ್ಕಾಗಿ ನಡುವಣ ವರ್ಷಗಳನ್ನು ತೆತ್ತಂತಾಯಿತು. ಜೀರ್ಣೋದ್ಧಾರವಾದ ದೇವಾಲಯದ ಎದುರು ನಿಂತಾಗಲೂ ನಮಗೆ ಇದೇ ಅಸಮಾಧಾನವಾಗುವುದುಂಟು.

ಬೆಲೆಯೇರಿಕೆಯಿಂದ ಕೇಡೇ ಆಯಿತೆಂದು ಹೇಳಲಾಗದು. ಗುಜರಿಗೆ ಹೋಗಬಹುದಾಗಿದ್ದ ಎಷ್ಟೋ ಕಾರುಗಳು ಉಳಿದುವು. ತಯಾರಿಕೆ ನಿಂತಿದ್ದ ಬಿಡಿಭಾಗಗಳನ್ನು ಸಂಸ್ಥೆಯು ಮತ್ತೆ ತಯಾರಿಸತೊಡಗಿತು. ಹಳೆಯ ಎಂಜಿನ್ನಿನ ಮರ್ಮ ಬಲ್ಲ ಮೆಕ್ಯಾನಿಕ್ಕುಗಳಿಗೆ ಕೆಲಸ ದೊರೆಯಿತು. ಆದರೆ ಅಂಥ ಮೆಕ್ಯಾನಿಕ್ಕೇ ತನಗೊಂದು ಕಾರು ಕೊಳ್ಳುವ ಕಾಲ ಹೋಯಿತು. ಪ್ರತಿ ಮೈಲಿಯೂ ಬೆಲೆಯನ್ನು ತಗ್ಗಿಸುವುದಾದ್ದರಿಂದ ಮಾಲೀಕನು ಓಡಿಸಲು ಹಿಂಜರಿದನು; ಓಡಿಸುವ ಸುಖಕ್ಕೆಂದೇ ಹೆಸರಾದ ಕಾರು ಬಟ್ಟೆ ಹೊದಿಸಿಕೊಂಡು ನಿಂತಿತು. ೧೯೮೯ರಿಂದ ೧೯೯೪ರವರೆಗೆ ತಯಾರಾದ ೯೬೪ ಎಂಬ ಪೀಳಿಗೆಯದು ಇನ್ನೊಂದು ಬಗೆಯ ಗತಿ. ಎಣ್ಣೆ ಸೋರುತ್ತದೆಂಬ ಅಪಖ್ಯಾತಿಯಿಂದ ಅಗ್ಗವಾಗಿದ್ದ ಆ ಕಾರುಗಳನ್ನು, ೨೦೦೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಸಿಂಗರ್ ಎಂಬ ಸಂಸ್ಥೆಯು ಆಮೂಲಾಗ್ರವಾಗಿ ಬಿಚ್ಚಿ, ೧೯೭೦ರ ಸುಮಾರಿನ ರೂಪವನ್ನು ಕೊಟ್ಟು, ಅತ್ಯಧಿಕ ಬೆಲೆಗೆ ಒಪ್ಪಿಸತೊಡಗಿತು. ಹಿಂದೆ ಹಳೆಯದನ್ನು ಹೊಸದರಂತೆ ತೋರಿಸುತ್ತಿದ್ದವರು ಈಗ ಹೊಸದನ್ನು ಹಳೆಯದರಂತೆ ತೋರಿಸಿದರು.

ಈ ಸಾಲಿನಲ್ಲಿ ಕೊನೆಯ ಹೆಜ್ಜೆಯನ್ನಿಟ್ಟುದು ಕಾರ್ಖಾನೆಯೇ. ೯೯೩ ಎಂಬ ಕೊನೆಯ ಪೀಳಿಗೆಯ ಬಳಸದೆ ಉಳಿದಿದ್ದ ಮೈಯೊಂದನ್ನು ತೆಗೆದು, ಹಳೆಯ ಬಿಡಿಭಾಗಗಳ ಉಗ್ರಾಣದ ನೆರವಿನಿಂದ, ತಯಾರಿಕೆ ನಿಂತ ಇಪ್ಪತ್ತು ವರ್ಷಗಳ ಮೇಲೆ ಗಾಳಿಯಿಂದ ತಣಿಯುವ ೯೧೧ ಟರ್ಬೊ ಒಂದನ್ನು ೨೦೧೮ರಲ್ಲಿ ಕಟ್ಟಿದರು. ಚಿನ್ನದ ಬಣ್ಣ, ೪೫೦ ಅಶ್ವಶಕ್ತಿ. ಆ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟದಲ್ಲಿ ಅದು ಹರಾಜಿಗೆ ಬಂದು ೩೦ ಲಕ್ಷ ಡಾಲರುಗಳಿಗೂ ಮಿಕ್ಕ ಬೆಲೆಗೆ ಹೋಯಿತು; ಬಂದ ಹಣವನ್ನು ಫೆರಿ ಪೋರ್ಷೆ ಅವರ ಹೆಸರಿನ ಧರ್ಮನಿಧಿಗೆ ಕೊಟ್ಟರು. ಹೊಸದಾಗಿ ಕಟ್ಟಿದ ಆ ಕಾರನ್ನು ಸಾರ್ವಜನಿಕ ರಸ್ತೆಯ ಮೇಲೆ ಓಡಿಸಲು ಅನುಮತಿಯಿರಲಿಲ್ಲ.